ನಬಿಸಾಬನ ಕೊನೆಯ ಕಾವು

ತತ್ತಿಗಳನ್ನು ಕಾವಿಗಿಟ್ಟು, ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಒಳಗಿನ ಬಲ್ಬು ಉರಿಯುತ್ತಿದೆಯೇ ಎಂದು ನಾಗಲಿಂಗ ಕಿಂಡಿಯ ಗಾಜಿಗೆ ಕಣ್ಣು ಹಚ್ಚಿ ನೋಡುತ್ತಿದ್ದಾಗ ಬೆನ್ನ ಹಿಂದಿನಿಂದ ನಬಿಸಾಬ ಆ ಮಾತು ಹೇಳಿದ.

"ಮರಿ ಆದಮ್ಯಾಲ ಅಯಾನ ಬಂದು ಒಯ್ತಾನ. ಇನ್ನ ಮುಂದ ಈ ಜಾತಿ ಅವನ ಕಡೆನ ಇರ್ಲಿ."

ನಾಗಲಿಂಗ ತಿರುಗಲಿಲ್ಲ. ಅಯಾನ ನಬಿಸಾಬನ ಮಗಳ ಮಗ. ಬಾದಾಮಿಯ ಹೊರಗೆ ಜಾಳಿಗೆ ಹೊಡೆದ ದೊಡ್ಡ ಶೆಡ್ಡಿನಲ್ಲಿ ಗಿರಿರಾಜ ಕೋಳಿ ಸಾಕಿ ಹೋಟೆಲುಗಳಿಗೆ ಕೊಡುವವನು. ಹಬ್ಬಕ್ಕೊಮ್ಮೆ ಹೆಂಡತಿ ಮಕ್ಕಳ ಜೊತೆ ಗುಡೂರಿಗೆ ಬಂದು, ಅಜ್ಜನ ಅಸೀಲ ತಳಿಯ ಹುಂಜದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ. ಆ ಕೋಳಿಗಳಿಗೂ ಅವನಿಗೂ ಇದ್ದ ಸಂಬಂಧ ಅಷ್ಟೇ.

"ಚಾಚಾ, ನಾ ಶೆಡ್ಡ ಕಟ್ಟಿಸೇನಲ್ರಿ. ನೀವ ಹೇಳಿದ್ರಿ ಅಂತ."

"ನಿಮ್ಮ ಮನ್ಯಾಗ ಆಗೂದಿಲ್ಲ ಬಿಡೋ ತಮ್ಮಾ," ಅಂದ ನಬಿಸಾಬ. ಮತ್ತೇನೋ ಹೇಳುವವನಿದ್ದ. ಅಷ್ಟರಲ್ಲಿ ನಾಗಲಿಂಗ ಎದ್ದು, ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಬೈಕಿಗೆ ಕಿಕ್ ಹೊಡೆದಾಗಿತ್ತು.

ಇಳಕಲ್ಲು ಮುಟ್ಟುವವರೆಗೂ ಆ ಒಂದೇ ಮಾತು ಅವನ ಜೊತೆ ಬಂತು. ನಿಮ್ಮ ಮನ್ಯಾಗ ಆಗೂದಿಲ್ಲ. ಲಿಂಗ ಕಟ್ಟಿದವರಿಗೆ ಕೋಳಿಯ ಸಹವಾಸ ಯಾಕೆ ಎಂದು ಓಣಿಯವರು ಕೇಳಿದ್ದರು, ಬೀಗರು ಕೇಳಿದ್ದರು, ಹೆಂಡತಿ ಮಹೇಶ್ವರಿ ಮದುವೆಯಾದ ಹೊಸದರಲ್ಲಿ ಅಳುತ್ತಾ ಕೇಳಿದ್ದಳು. ಎಲ್ಲರಿಗೂ ಅವನು ಒಂದೇ ಉತ್ತರ ಕೊಟ್ಟಿದ್ದ: ನಾ ತಿನ್ನಾಕ ಹೋಗೂದಿಲ್ಲ, ನೋಡಾಕ ಹೋಗ್ತೇನಿ. ಈ ಪ್ರಶ್ನೆ ಕೇಳದೆ ಇದ್ದವನು ನಬಿಸಾಬ ಒಬ್ಬನೇ. ಕೊನೆಗೆ ಅವನೂ ಕೇಳಿಬಿಟ್ಟಿದ್ದ. ಕೇಳಿದ್ದೂ ಅಲ್ಲ, ತೀರ್ಪು ಕೊಟ್ಟಿದ್ದ.

ನಾಗಲಿಂಗನದು ನೂಲಿಗೆ ಬಣ್ಣ ಹಾಕುವ ಮನೆತನ. ಇಳಕಲ್ ಸೀರೆಯ ಕೆಂಪು ಅವರ ಹಂಡೆಯಿಂದ ಏಳುತ್ತಿತ್ತು. ಹಸಿ ನೂಲು ತೋರಿಸುವ ಬಣ್ಣ ಸುಳ್ಳು, ಒಣಗಿದ ಮೇಲಿನದೇ ಖರೆ ಎಂಬುದು ಅವನಿಗೆ ಮೀಸೆ ಮೂಡುವ ಮೊದಲೇ ಗೊತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಗುಡೂರಿನ ನೇಕಾರರೊಬ್ಬರ ಮನೆಗೆ ನೂಲು ಕೊಡಲು ಹೋದಾಗ, ಪಕ್ಕದ ಗೋಡೆಯ ಮೇಲೆ ಒಂದು ಹುಂಜ ನಿಂತಿತ್ತು. ಅದರ ಕುತ್ತಿಗೆಯ ಮೇಲೆ ಬಂಗಾರಕ್ಕೂ ದಾಳಿಂಬೆಗೂ ನಡುವಿನ ಒಂದು ಕೆಂಪು. ಅಪ್ಪ ಜೀವನವಿಡೀ ಹಂಡೆಯಲ್ಲಿ ಹುಡುಕಿ ಸಿಗದೆ ಸತ್ತ ಕೆಂಪು ಅದು. ಅವನು ನೂಲಿನ ಗಂಟು ಹೆಗಲ ಮೇಲಿಟ್ಟುಕೊಂಡೇ ನಿಂತುಬಿಟ್ಟಿದ್ದ. ಗೋಡೆಯ ಆಚೆಯಿಂದ ನಬಿಸಾಬ ಅಂದಿದ್ದ, "ಅದಕ್ಕ ಪೀಲಾ ಅಂತಾರ. ಒಳಗ ಬಾ, ಇನ್ನೂ ಅದಾವ."

ಅಂದಿನಿಂದ ಅವನು ಹೋಗುತ್ತಲೇ ಇದ್ದ. ನಬಿಸಾಬ ಕಾಳಗಕ್ಕೆ ಕೋಳಿ ಬಿಡುವವನಲ್ಲ. ಹಾಗೆ ಕೇಳಿಕೊಂಡು ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಜಾತಿ ಕೆಡದೆ ಉಳಿಯುವುದು. ಮರಿ ಒಡೆದ ದಿನವೇ ಯಾವುದು ಯಾವ ಬಣ್ಣಕ್ಕೆ ಹೋಗುತ್ತದೆ ಎಂದು ಗುರುತಿಸುವುದನ್ನು ನಾಗಲಿಂಗನಿಗೆ ಅವನೇ ಕಲಿಸಿದ. ಮರಿಯ ತುಪ್ಪಳ ನೋಡಿ ಕೋಳಿಯ ಗರಿ ಹೇಳುವುದು ಸುಲಭವಲ್ಲ. ಮೈಯೆಲ್ಲ ಕಪ್ಪಾಗಬೇಕಾದ ಕಾಗರ ಹುಟ್ಟುವಾಗ ಹೊಟ್ಟೆಯ ಕೆಳಗೆ ಬಿಳಿ ಹೊತ್ತೇ ಬರುತ್ತದೆ. ತಿಳಿಯದವರು ಬೆರಕೆ ಎಂದು ಬಿಸಾಡುತ್ತಾರೆ. ಕಪ್ಪು-ಕೆಂಪಿನ ಯಾಕೂಬ ಅಳಿಲಿನಂತೆ ಬೆನ್ನ ಮೇಲೆ ಗೆರೆ ಹೊತ್ತು ಬರುತ್ತದೆ. ಬಿಳಿಯ ನೂರಿ ಮತ್ತು ಬಂಗಾರದ ಪೀಲಾ ಎರಡೂ ಕೆನೆಬಣ್ಣದ ಮುದ್ದೆಗಳೇ. ಪೀಲಾದ ನೆತ್ತಿಯ ಮೇಲೆ ಮಾತ್ರ ಚಹಾ ಚೆಲ್ಲಿ ಒರೆಸಿದಂಥ ಒಂದು ಮಂಕು ಕಲೆ ಇರುತ್ತದೆ. ನಬಿಸಾಬನ ಕಣ್ಣಿಗೆ ಪೊರೆ ಬಂದು ಬಣ್ಣಗಳೆಲ್ಲ ಕಲಸಿಹೋದ ಮೇಲೆ, ಈ ಕಲೆಯನ್ನು ಕಾಣಬಲ್ಲ ಕಣ್ಣು ಆ ಸೀಮೆಯಲ್ಲಿ ನಾಗಲಿಂಗನದೊಂದೇ ಉಳಿಯಿತು.

"ನನ್ನ ನಂತರ ನೀನ," ಎಂದು ನಬಿಸಾಬ ಒಮ್ಮೆಯಲ್ಲ, ಹತ್ತು ಸಲ ಅಂದಿದ್ದ. ಅದನ್ನು ನಂಬಿ ನಾಗಲಿಂಗ ಹಿಂದಿನ ವರ್ಷ ಬಣ್ಣದ ಮನೆಯ ಹಿಂದೆ ಇಟ್ಟಿಗೆಯ ಶೆಡ್ಡು ಕಟ್ಟಿಸಿದ. ಗೋಡೆ ಎದೆಮಟ್ಟ ಎದ್ದ ದಿನ ಅವನ ತಾಯಿ ಗುರುಲಿಂಗವ್ವ ಇಷ್ಟಲಿಂಗದ ಪೂಜೆ ಮುಗಿಸಿ, ಎರಡು ಸೀರೆ ಗಂಟು ಕಟ್ಟಿ, ಹುನಗುಂದದ ಕಿರಿಮಗನ ಮನೆಗೆ ಹೋದಳು. ಜಗಳವಾಡಲಿಲ್ಲ. "ಕೋಳಿ ಅಲ್ಲಿ ಬರೂದಿದ್ರ ನಾ ಇಲ್ಲಿ ಇರೂದಿಲ್ಲ" ಅಂದಳು, ಅಷ್ಟೇ. ಅವನು ಬಸ್ಸಿನವರೆಗೆ ಗಂಟು ಹೊತ್ತುಕೊಂಡು ಹೋದ. ಅವ್ವ ಹೋದರೂ ಗೋಡೆಯ ಕೆಲಸ ನಿಲ್ಲಲಿಲ್ಲ.

ಆಮೇಲೆ ಗುಡೂರಿಗೆ ಕೊಕ್ಕರೆ ರೋಗ ಬಂತು. ಓಣಿಯ ಕೋಳಿಗಳೆಲ್ಲ ಕುತ್ತಿಗೆ ತಿರುವಿಕೊಂಡು ಬಿದ್ದವು. ನಬಿಸಾಬನ ಅಸೀಲ ಹಿಂಡೂ ಹೋಯಿತು. ಆ ಪೀಲಾ ಹುಂಜದ ಮೊಮ್ಮಗನನ್ನು ನಾಗಲಿಂಗ ತನ್ನ ಕೈಯಾರೆ ಬೇವಿನ ಗಿಡದ ಬುಡದಲ್ಲಿ ಸುಣ್ಣ ಹಾಕಿ ಹೂಳಿದ. ಉಳಿದದ್ದು ರೋಗ ತಗಲುವ ಮೊದಲು ತೆಗೆದಿಟ್ಟ ತತ್ತಿಗಳು ಮಾತ್ರ. ಕಾವು ಕೂರಲು ಒಂದು ಹೇಂಟೆಯೂ ಇರಲಿಲ್ಲ. ಅವನೇ ಪೆಟ್ಟಿಗೆ ಮಾಡಿ, ಬಲ್ಬು ಕೂಡಿಸಿ, ನೀರಿನ ಬಟ್ಟಲಿಟ್ಟು, ಆ ತತ್ತಿಗಳನ್ನು ಮಲಗಿಸಿ ಮುಚ್ಚಳ ಹಾಕಿದ್ದು. ಆಗಲೇ ಬೆನ್ನ ಹಿಂದೆ ಆ ಮಾತು.

ಊಟಕ್ಕೆ ಕೂತಾಗ ಸಿಟ್ಟು ಇತ್ತು. ಊಟ ಮುಗಿಯುವ ಹೊತ್ತಿಗೆ ಸಿಟ್ಟು ಆರಿ, ತಣ್ಣಗೆ ಒಂದು ವಿಚಾರ ಉಳಿದಿತ್ತು. ಮರಿಗಳು ಹೊರಗೆ ಬಂದ ದಿನ ಅವುಗಳನ್ನು ನೋಡಿ ಹೆಸರು ಹೇಳಬೇಕಾದವನು ಯಾರು? ನಬಿಸಾಬನಿಗೆ ಕಾಣುವುದಿಲ್ಲ. ಅಯಾನನಿಗೆ ತಿಳಿಯುವುದಿಲ್ಲ. ನಾಗಲಿಂಗ ಯಾವುದನ್ನು ಕಾಗರ ಅನ್ನುತ್ತಾನೋ ಅದು ಕಾಗರ. ಯಾವುದನ್ನು ಅಸೀಲ ಅನ್ನುತ್ತಾನೋ ಅದೇ ಅಸೀಲ.

ಮರುದಿನ ಬೆಳಿಗ್ಗೆ ಅವನು ಕೆರೂರಿಗೆ ಹೋದ. ಅಲ್ಲಿನ ಸಂತೆಯಲ್ಲಿ ಬಸಲಿಂಗವ್ವ ಎಂಬವಳು ತತ್ತಿ ಮಾರುತ್ತಿದ್ದಳು. ಅವಳ ಮನೆಯ ಹುಂಜವನ್ನು ಅವನು ಹಿಂದೊಮ್ಮೆ ನಬಿಸಾಬನ ಜೊತೆಗೇ ಬಂದು ನೋಡಿದ್ದ. ದಪ್ಪ ಕಾಲು, ಮೂರು ಸಾಲಿನ ಗಿಡ್ಡ ಜುಟ್ಟು, ನೆಟ್ಟಗಿನ ನಿಲುವು. ನಬಿಸಾಬ ಅದರ ಕುತ್ತಿಗೆ ಮುಟ್ಟಿ, "ದೂರಿಂದ ಅಸೀಲ, ಹತ್ತಿರ ಬಂದ್ರ ಬೆರಕಿ" ಅಂದಿದ್ದ. ಈಗ ಬೇಕಾದದ್ದು ಅಂಥದೇ. ಆ ಹುಂಜದ ಮರಿಗಳು ಮೊದಲ ದಿನ ಅಸೀಲದಂತೆಯೇ ಕಾಣುತ್ತವೆ. ಜುಟ್ಟು ಮುಟ್ಟಿ ನೋಡಿದರೂ ಫರಕು ಸಿಗುವುದಿಲ್ಲ. ಗರಿ ಬಂದು, ಕುತ್ತಿಗೆ ಗಿಡ್ಡವೇ ಉಳಿದು, ಬಾಲ ಮೇಲೆದ್ದಾಗಲೇ ಬಣ್ಣ ಬಯಲು. ಅದಕ್ಕೆ ಮೂರು ತಿಂಗಳು ಬೇಕು.

ಅವನು ಕರಿ ಹೇಂಟೆಯವು, ಕಂದು ಹೇಂಟೆಯವು, ಬಿಳಿ ಹೇಂಟೆಯವು ಎಂದು ಕೇಳಿ ಕೇಳಿ ಆರಿಸತೊಡಗಿದಾಗ ಬಸಲಿಂಗವ್ವ ನಕ್ಕಳು.

"ಕಾವಿಗೇನ್ರಿ ಯಪ್ಪಾ, ತಿನ್ನಾಕೋ?"

"ತಿನ್ನಾಕ."

ಅವಳು ಅವನ ಹಣೆಯ ವಿಭೂತಿ ನೋಡಿದಳು. "ಶಿವನ! ವಿಭೂತಿ ಹಚ್ಚಿದವ್ರೂ ತತ್ತಿ ತಿನ್ನಾಕ ನಿಂತ್ರ ನಮ್ಮಂಥವ್ರಿಗೆಲ್ಲಿ ಉಳೀತಾವ!"

ಸುತ್ತಲಿನವರು ನಕ್ಕರು. ಅವನೂ ನಕ್ಕ. ಇಷ್ಟು ವರ್ಷ ಯಾರ ಮುಂದೆಯೂ ಒಪ್ಪಿಕೊಳ್ಳದ ಅಪವಾದವನ್ನು ಸಂತೆಯ ನಡುವೆ ತಾನೇ ಹೊತ್ತುಕೊಂಡದ್ದು ಬೈಕ್ ಏರಿದ ಮೇಲೆ ಚುಚ್ಚಿತು. ಅದನ್ನೂ ನಬಿಸಾಬನ ಲೆಕ್ಕಕ್ಕೆ ಹಾಕಿದ.

ಇಳಕಲ್ಲಿನ ಶೆಡ್ಡಿನಲ್ಲಿ ಅವನು ಎರಡನೆಯ ಪೆಟ್ಟಿಗೆ ಮಾಡಿದ. ಗುಡೂರಿನ ತತ್ತಿಗಳಿಗಿಂತ ಇವು ಒಂದು ದಿನ ಹಿಂದೆ ಬಿದ್ದಿದ್ದವು. ಅದಕ್ಕೂ ಉಪಾಯವಿತ್ತು. ಬೆರಕೆ ಕೋಳಿಯ ತತ್ತಿ ಸಣ್ಣದು, ಸಣ್ಣ ತತ್ತಿ ಬೇಗ ಒಡೆಯುತ್ತದೆ. ಬಿಸಿಯನ್ನು ಅರ್ಧ ಡಿಗ್ರಿ ಏರಿಸಿದರೆ ಇನ್ನೂ ಬೇಗ. ಆ ಒಂದು ದಿನ ತಾನಾಗಿ ಮುಚ್ಚಿಹೋಗುತ್ತದೆ. ಅವನು ಹಂಡೆಯ ಮುಂದೆ ನಿಂತು ನೂಲಿನ ಲಡಿ ತಿರುವುತ್ತ ಮುಂದಿನದನ್ನೆಲ್ಲ ಒಂದೊಂದಾಗಿ ನೋಡಿದ. ಮೂರು ತಿಂಗಳಿಗೆ ಅಯಾನನ ಶೆಡ್ಡಿನಲ್ಲಿ ಬೆರಕೆ ಬಯಲಾಗುತ್ತದೆ. ನಬಿಸಾಬ ಕುತ್ತಿಗೆ ಮುಟ್ಟಿ ನೋಡುತ್ತಾನೆ. ತಪ್ಪು ಯಾರದು? ಗಿರಿರಾಜ ಕೋಳಿಗಳ ನಡುವೆ ಬಿಟ್ಟು ಮರಿ ಅದಲುಬದಲು ಮಾಡಿಕೊಂಡ ಮೊಮ್ಮಗನದು. ಬೇರೆ ಯಾರನ್ನೂ ಸಂಶಯಿಸಲು ಯಾರಿಗೂ ಕಾರಣವಿಲ್ಲ. ಮತ್ತೆ ಒಂದು ವರ್ಷ ಕಳೆದು, ಒಂದು ದಿನ, ನಾನು ಒಂದು ಪೀಲಾ ಹುಂಜವನ್ನು ಒಯ್ದು ಮುದುಕನ ತೊಡೆಯ ಮೇಲೆ ಇಡುತ್ತೇನೆ. ಸೊಲ್ಲಾಪುರದ ಕಡೆ ಸಿಕ್ತ್ರಿ ಚಾಚಾ, ನಿಮ್ಮ ಜಾತಿ ಹಂಗ ಐತಿ ನೋಡ್ರಿ. ಮುದುಕ ಅದರ ಕುತ್ತಿಗೆ ಸವರುತ್ತಾನೆ, ಎದೆ ಮುಟ್ಟುತ್ತಾನೆ, ಅಳುತ್ತಾನೆ. ಈ ಚಿತ್ರಕ್ಕೆ ಬಂದಾಗಲೆಲ್ಲ ನಾಗಲಿಂಗನ ಕೈ ಹಂಡೆಯ ಮೇಲೆ ನಿಂತುಬಿಡುತ್ತಿತ್ತು. ಅದು ಸೇಡೋ ಪ್ರೀತಿಯೋ ಅವನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಮೊದಲಿನ ಹಾಗಿದ್ದರೆ ಅವನು ಎರಡು ದಿನಕ್ಕೊಮ್ಮೆ ಗುಡೂರಿಗೆ ಹೋಗುತ್ತಿದ್ದ. ಈ ಸಲ ಹೋಗಲಾಗಲಿಲ್ಲ. ನಬಿಸಾಬನ ಮುಖ ನೋಡಿದರೆ ಎಲ್ಲ ಬಾಯಿಗೆ ಬಂದುಬಿಡುತ್ತದೆ ಎಂಬ ಅಂಜಿಕೆ. ಫೋನಿನಲ್ಲೇ ಹೇಳುತ್ತಿದ್ದ: ಬಟ್ಟಲಿನ್ಯಾಗ ನೀರು ಐತೇನ್ರಿ ನೋಡ್ರಿ, ತತ್ತಿ ತಿರುವಿಡ್ರಿ. ಕಡೆಯ ದಿನಗಳು ಬಂದಾಗ, ಇನ್ನ ತಿರುವಬ್ಯಾಡ್ರಿ, ಮುಚ್ಚಳಾ ತೆಗೀಬ್ಯಾಡ್ರಿ ಅಂದ. ಮದುವೆಯ ಸೀರೆಗಳ ನೂಲು ಬಹಳ ಬಂದಿದೆ, ಪುರಸೊತ್ತಿಲ್ಲ ಅಂದ. ನಬಿಸಾಬ ಪ್ರತಿ ಸಲವೂ "ಇರ್ಲಿ, ಬಿಡುವಾದಾಗ ಬಾ" ಅನ್ನುತ್ತಿದ್ದ. ದನಿಯಲ್ಲಿ ಏನೂ ಬದಲಾಗಿರಲಿಲ್ಲ. ಮೋಸ ಮಾಡಿದವರ ದನಿ ಇಷ್ಟು ಸಲೀಸಾಗಿ ಇರುತ್ತದಲ್ಲ ಎಂದು ನಾಗಲಿಂಗನಿಗೆ ಆಶ್ಚರ್ಯ.

ಒಡೆಯುವ ದಿನ ಬಂತು. ಬೆಳಿಗ್ಗೆ ನಬಿಸಾಬನ ಹೆಂಡತಿ ಹುಸೇನಬಿ ಫೋನ್ ಮಾಡಿದಳು. "ಒಂಬತ್ತು ಹೊರಗ ಬಂದಾವೋ ನಾಗಲಿಂಗ, ಉಳದವು ಒಡೀಲಿಲ್ಲ. ನಿಮ್ಮ ಚಾಚಾನ ಖುಷಿ ನೋಡಬೇಕ ನೀ. ಲಗೂನ ಬಾ, ಅಯಾನನೂ ಬರಾಕತ್ತಾನ."

"ಒಂದ್ ಫೋಟೋ ಕಳಸ್ರಿ ಚಾಚಿ, ನೋಡಿಕೋತ ಬರ್ತೇನಿ."

ಫೋಟೋ ಬಂತು. ಮೂರು ಕಪ್ಪು, ಎರಡು ಗೆರೆಯವು, ನಾಲ್ಕು ಕೆನೆಬಣ್ಣದವು. ಆ ನಾಲ್ಕರಲ್ಲಿ ಎರಡರ ನೆತ್ತಿಯ ಮೇಲೆ ಚಹಾದ ಕಲೆ. ಅವನ ಶೆಡ್ಡಿನ ಪೆಟ್ಟಿಗೆಯಲ್ಲಿ ಆಗಲೇ ಇಪ್ಪತ್ತರ ಮೇಲೆ ಮರಿಗಳು ಒಣಗಿ ಉಬ್ಬಿ ನಿಂತಿದ್ದವು. ಫೋನನ್ನು ಗೋಡೆಗೆ ಆನಿಸಿಟ್ಟು, ಲಡಿಗೆ ಲಡಿ ಹೊಂದಿಸುವ ಹಾಗೆ, ಅವನು ಮರಿಗೆ ಮರಿ ಹೊಂದಿಸಿದ. ಕಪ್ಪಿನ ಹೊಟ್ಟೆಯ ಬಿಳಿ ಎಷ್ಟು ಅಗಲ, ಗೆರೆ ಎಲ್ಲಿ ತುಂಡಾಗುತ್ತದೆ, ಕಾಲು ಹಳದಿಯೋ ಬಿಳಿಯೋ. ಒಂಬತ್ತಕ್ಕೆ ಒಂಬತ್ತು ಸಿಕ್ಕವು. ಹೆತ್ತ ಹೇಂಟೆಯೂ ಮೋಸ ಹೋಗಬೇಕು, ಹಾಗೆ.

ಮರಿಗಳನ್ನು ಅವನು ಅಮೀನಗಡದ ಕರದಂಟಿನ ರಟ್ಟಿನ ಡಬ್ಬಿಯಲ್ಲಿ ಹಾಕಿ, ಬಿಸಿನೀರಿನ ಬಾಟಲಿಗೆ ಅರಿವೆ ಸುತ್ತಿ ಒಳಗಿಟ್ಟು, ಡಬ್ಬಿಯನ್ನು ಬೈಕಿನ ಪಕ್ಕದ ಚೀಲದಲ್ಲಿ ಇಳಿಸಿದ. ಕತ್ತಲೂ ಬಿಸಿಯೂ ಸಿಕ್ಕರೆ ಮರಿ ಸದ್ದು ಮಾಡುವುದಿಲ್ಲ, ಮಲಗಿಬಿಡುತ್ತದೆ. ಗುಡೂರಿನವರೆಗೆ ಒಂದೂ ಚಿಂವ್ ಅನ್ನಲಿಲ್ಲ.

ಅವನು ಮುಟ್ಟಿದ್ದು ನಬಿಸಾಬ ಮಧ್ಯಾಹ್ನದ ನಮಾಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ. ಅದೂ ಅವನು ಎಣಿಸಿದ್ದೇ. ಮುದುಕ ಬಾಗಿಲಲ್ಲಿ ಅವನ ಭುಜ ಹಿಡಿದು, "ಬಂದ್ಯಾ? ನೋಡು ಹೋಗು, ನಾ ಬಂದೆ" ಅಂದು ಗೋಡೆ ಸವರುತ್ತ ಮಸೀದಿಯ ಕಡೆ ನಡೆದ. ಹುಸೇನಬಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತ ನಿಲ್ಲುವವರೆಗೆ ಅವಳು ಏಳುವುದಿಲ್ಲ.

ಪೆಟ್ಟಿಗೆಯ ಮುಚ್ಚಳ ತೆಗೆದ. ಮೊದಲ ದಿನದ ಮರಿಗಳು ಕೈ ಕಂಡರೆ ಮೂಲೆಗೆ ಸರಿಯುತ್ತವೆ. ಇವು ಸರಿಯಲಿಲ್ಲ, ಕೈಯ ಹತ್ತಿರ ಬಂದವು. ತಾವು ಯಾರವು ಎಂದು ಇವಕ್ಕೂ ಗೊತ್ತಿದೆ ಎಂದುಕೊಂಡ. ಒಂದೊಂದನ್ನೇ ಎತ್ತಿ ಜೋಳಿಗೆಯಂತೆ ಮಡಚಿದ ಟವೆಲಿನಲ್ಲಿ ಹಾಕಿಕೊಂಡು ಹೊರಗೆ ಬೇವಿನ ನೆರಳಿನಲ್ಲಿದ್ದ ಬೈಕಿಗೆ ಒಯ್ದ, ಡಬ್ಬಿಯ ಮರಿಗಳನ್ನು ತಂದು ಪೆಟ್ಟಿಗೆಯಲ್ಲಿ ಬಿಟ್ಟ. ರೊಟ್ಟಿಯ ಬಡಿತ ಒಮ್ಮೆಯೂ ತಪ್ಪಲಿಲ್ಲ. ಮುಚ್ಚಳ ಮುಚ್ಚಿದ. ಈ ಜಾತಿಯ ಕೊನೆಯ ಒಂಬತ್ತು ಜೀವಗಳು ಹೊರಗೆ ಕರದಂಟಿನ ವಾಸನೆಯ ಕತ್ತಲಲ್ಲಿ ಬೆಚ್ಚಗೆ ಮಲಗಿದ್ದವು. ನನ್ನದನ್ನು ನಾನು ತೆಗೆದುಕೊಂಡಿದ್ದೇನೆ, ಅದರಲ್ಲಿ ಕಳವು ಎಲ್ಲಿ ಬಂತು ಎಂದು ಅವನು ಮನಸ್ಸಿನಲ್ಲೇ ಯಾರಿಗೋ ಹೇಳಿದ.

ಕೂಡಲೇ ಹೊರಟುಬಿಡುವುದು ಸುಲಭವಿತ್ತು. ಆದರೆ ಹೆಸರು ಹೇಳದೆ ಹೋದರೆ ಅದೇ ಅನುಮಾನಕ್ಕೆ ದಾರಿ. ಅವನು ಕೂತ.

ಅಯಾನ ಬಂದ, ನಬಿಸಾಬನೂ ಬಂದ. ಪೆಟ್ಟಿಗೆ ಪಡಸಾಲೆಯ ನಡುವೆ ಬಂತು. ನಾಗಲಿಂಗ ಒಂದೊಂದೇ ಮರಿಯನ್ನು ಅಂಗೈ ಮೇಲಿಟ್ಟು ತೋರಿಸಿದ. ಇದು ಕಾಗರ, ಹೊಟ್ಟಿ ಬಿಳೇದು ಐತಂತ ಅಂಜಬ್ಯಾಡ, ಗರಿ ಬರೂವಾಗ ಹೋಗ್ತೈತಿ. ಇದು ಯಾಕೂಬ. ಅಯಾನ ಕೆನೆಬಣ್ಣದ ಎರಡನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಎರಡೂ ಒಂದ ಅದಾವಲ್ಲ ಅಣ್ಣಾ?"

"ನೆತ್ತಿ ನೋಡು. ಇದಕ್ಕ ಕಲಿ ಐತಿ, ಇದು ಪೀಲಾ. ಇನ್ನೊಂದು ಸಪಾಟ ಐತಿ, ಅದು ನೂರಿ. ಬೆಳಕಿಗೆ ಹಿಡದು ನೋಡಬೇಕು."

"ಹೌದಲ್ಲಾ!" ಎಂದು ಅಯಾನ ಕಣ್ಣರಳಿಸಿದ. ಹೇಳಿದ ವಿದ್ಯೆಯೆಲ್ಲ ಖರೆ, ತೋರಿಸಿದ ಮರಿಯೆಲ್ಲ ಸುಳ್ಳು. ಕಲಿಯುವವನು ಮಾತ್ರ ಮನಸ್ಸಿಟ್ಟು ಕಲಿಯುತ್ತಿದ್ದ.

ಗೋಡೆಗೆ ಒರಗಿ ಕೂತಿದ್ದ ನಬಿಸಾಬ ಆಗ ಬಾಯಿಬಿಟ್ಟ. "ಅವತ್ತ ನನ್ನ ಮಾತು ಪೂರಾ ಮುಗೀಲಿಕ್ಕೆ ಬಿಡ್ಲಿಲ್ಲ ನೀ. ಎದ್ದ ಹೊಂಟಿ. ಆಮ್ಯಾಲ ಇತ್ತ ಹಾಯಲೇ ಇಲ್ಲ. ಫೋನಿನ್ಯಾಗ ಹೇಳೂ ಮಾತಲ್ಲ ಅಂತ ನಾನೂ ಸುಮ್ನಿದ್ದೆ."

"ಏನ್ರಿ ಚಾಚಾ?"

"ನಿಮ್ಮವ್ವ ಹುನಗುಂದಕ್ಕ ಹೋಗ್ಯಾಳಂತ ಯಾರೋ ಹೇಳಿದ್ರು. ನೀ ಒಂದ್ ಮಾತು ಹೇಳ್ಲಿಲ್ಲ ನನಗ. ನನ್ನ ಕೋಳಿ ಸಲುವಾಗಿ ಒಬ್ಬ ತಾಯಿ ಮಗನ ಮನಿ ಬಿಟ್ಟಾಳ ಅಂದ್ರ, ನಾಳಿ ಅಲ್ಲಾ ನನ್ನ ಕೇಳಂಗಿಲ್ಲೇನು? ಆಕಿ ತಿರುಗಿ ಬರ್ಲಿ. ಈ ಓಣ್ಯಾಗಿನ ಬ್ಯಾನಿನೂ ಹೋಗ್ಲಿ. ಅದಕ್ಕ ಇವನ ಶೆಡ್ಡಿನ್ಯಾಗ ಇರ್ಲಿ ಅಂದೆ, ಊರ ಹೊರಗ ಐತಿ, ಲಸಿಕಿ ಹಾಕಸ್ತಾನ. ಹೆಸರು ಇಡಾಂವ ನೀ, ಜೋಡಿ ಕೂಡಸಾಂವ ನೀ. ಕೋಳಿ ನಿನ್ನವು. ಜಾಗಾ ಅಷ್ಟ ಇವಂದು."

"ಖರೆ ಅಣ್ಣಾ," ಅಂದ ಅಯಾನ. "ನನಗ ಹೋಟೆಲಿನ ಕೋಳಿ ಬಿಟ್ರ ಬ್ಯಾರೆ ತಿಳಿಯಂಗಿಲ್ಲ. ನೀವು ವಾರಕ್ಕೊಮ್ಮೆ ಬರಬೇಕು ನೋಡ್ರಿ. ಅಜ್ಜಾ ಮದ್ಲ ಹೇಳಿಬಿಟ್ಟಾನ, ನಾಗಲಿಂಗ ಹೂಂ ಅನ್ನದ ಒಂದ್ ತತ್ತಿನೂ ಯಾರಿಗೂ ಕೊಡಬ್ಯಾಡ ಅಂತ."

ನಾಗಲಿಂಗನ ಅಂಗೈ ಮೇಲಿದ್ದ ಮರಿ ಬೆರಳಿನ ಸಂದಿಗೆ ಕೊಕ್ಕು ಹಾಕಿ ತಿವಿಯಿತು. ಅವನು ಅದನ್ನು ನಿಧಾನವಾಗಿ ಪೆಟ್ಟಿಗೆಯೊಳಗೆ ಇಳಿಸಿದ. ಹಣೆ ಬೆವೆತಿತ್ತು. ಆದರೂ ಮೂರು ವಾರ ಒಂದೇ ದಿಕ್ಕಿನಲ್ಲಿ ಓಡಿದ್ದ ತಲೆ ಈಗ ತಿರುಗಿ ಓಡತೊಡಗಿತು. ಏನೂ ಕೆಟ್ಟಿಲ್ಲ. ಒಂಬತ್ತೂ ಬದುಕಿವೆ. ನಾಳೆ ಬೆಳಿಗ್ಗೆ ಬಾದಾಮಿಗೆ ಹೋಗಬೇಕು, ಮರಿಗಳಿಗೆ ಕಣ್ಣಿಗೆ ಹನಿ ಹಾಕುವ ಲಸಿಕೆ ಇದೆ, ನಾನೇ ಹಾಕುತ್ತೇನೆ ಅನ್ನಬೇಕು. ಅಯಾನನನ್ನು ನೀರು ತರಲು ಕಳಿಸಿದರೆ ಸಾಕು. ಟವೆಲಿನಲ್ಲಿ ಇವು ಬರುತ್ತವೆ, ಅವು ಹೋಗುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಇಂದು ಗೊತ್ತಾಗದ್ದು ನಾಳೆಯೂ ಗೊತ್ತಾಗುವುದಿಲ್ಲ. ಹುನಗುಂದಕ್ಕೂ ಹೋಗಬೇಕು. ಅವ್ವನ ಗಂಟು ತಾನೇ ಹೊತ್ತು ತರಬೇಕು. ಅವನಿಗೆ ಉಸಿರು ಸಲೀಸಾಯಿತು. ನಬಿಸಾಬನ ಕಾಲು ಮುಟ್ಟಬೇಕು ಅನ್ನಿಸಿತು.

"ನಾಳಿನ ಬಾದಾಮಿಗೆ ಬರ್ತೇನ್ರಿ ಚಾಚಾ. ಲಸಿಕಿ ನಾನ ಹಾಕ್ತೇನಿ," ಅಂದ. ದನಿ ಒಡೆದಿತ್ತು, ಮುದುಕ ಅದನ್ನು ಸಂತೋಷ ಅಂದುಕೊಂಡು ನಕ್ಕ.

"ಹಂಗಾರ ಒಯ್ಯೂಕ್ಕಿಂತ ಮದ್ಲ ಒಮ್ಮೆ ನೆಲಕ್ಕ ಬಿಡ್ರಿ," ಅಂದ ನಬಿಸಾಬ. "ಮತ್ತ ಯಾವಾಗ ಸಿಗ್ತಾವೋ ನನ್ನ ಕೈಗೆ."

ಅಯಾನ ಪೆಟ್ಟಿಗೆಯನ್ನು ಮೆಲ್ಲಗೆ ವಾಲಿಸಿದ. ಒಂಬತ್ತು ಮರಿಗಳು ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಚೆದುರಿದವು. ನಬಿಸಾಬ ಮೊಣಕಾಲೂರಿ ಬಾಗಿ, ಅಂಗೈ ನೆಲಕ್ಕೆ ಚಾಚಿ, ಗಂಟಲಿನ ಆಳದಿಂದ ಕಾವಿನ ಹೇಂಟೆಯ ಹಾಗೆ ಕರೆದ: ಕೊಕ್, ಕೊಕ್, ಕೊಕ್. ಮರಿಗಳು ಅತ್ತ ತಿರುಗಲಿಲ್ಲ. ಒಂದು ಬಿಸಿಲಿನ ಚೂರಿನ ಕಡೆ ಹೋಯಿತು, ಎರಡು ಗೋಡೆಯ ಬುಡಕ್ಕೆ ಸರಿದವು. ಅವನು ಮತ್ತೆ ಕರೆದ. ಖಾಲಿ ಅಂಗೈ ಖಾಲಿಯೇ ಉಳಿಯಿತು. ಒಳಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಂತ ಹುಸೇನಬಿ ಅಂದಳು, "ಇದೇನಿದು? ಹೇಂಟಿ ಇಲ್ಲಲ್ಲ, ತಾಯಿ ದನಿ ಕೇಳದ ಹುಟ್ಟಬಾರದು ಅಂತ ಇವ್ರು ಮೂರು ದಿನದಿಂದ ಪೆಟಿಗಿಗೆ ಬಾಯಿ ಹಚ್ಚಿ ಕರದಾರ. ಇನ್ನಾ ತತ್ತಿ ಒಡಿದಿರ್ಲಿಲ್ಲ, ಒಳಗಿಂದನ ಓ ಅಂತಿದ್ದು. ಮುಂಜಾನೆ ಒಂಬತ್ತೂ ಓಡಿ ಬಂದು ಕೈ ಏರಿದ್ದು!" ತತ್ತಿಯೊಳಗಿನ ಮರಿಗೆ ಕಿವಿ ಇರುತ್ತದೆ ಎಂಬುದು ನಾಗಲಿಂಗನಿಗೆ ಗೊತ್ತಿಲ್ಲದ್ದೇನಲ್ಲ, ಆ ಮೂರು ದಿನ ಅವನು ಇಲ್ಲಿಗೆ ಬಂದಿರಲಿಲ್ಲ, ಅಷ್ಟೇ. ನಬಿಸಾಬ ಮೂರನೆಯ ಸಲ, ಈಗ ಜೋರಾಗಿ, ಗಾಬರಿಯಿಂದ ಕರೆದ. ತೆರೆದ ಬಾಗಿಲಿನಾಚೆ, ಬೇವಿನ ನೆರಳಿನಲ್ಲಿ ನಿಂತ ಬೈಕಿನ ಚೀಲದೊಳಗಿಂದ, ನಿದ್ದೆ ಹರಿದ ಒಂಬತ್ತು ಕೊರಳುಗಳು ಒಟ್ಟಿಗೇ ಓಗೊಟ್ಟವು. ಅಯಾನ ಎದ್ದು ಹೊರಗೆ ನಡೆದ. ನಬಿಸಾಬ ಬಾಗಿಲಿನ ಕಡೆ ನೋಡಲಿಲ್ಲ. ಕಾಣದ ಕಣ್ಣುಗಳನ್ನು ನಾಗಲಿಂಗನ ಉಸಿರು ಕೇಳಿಬರುತ್ತಿದ್ದ ಕಡೆಗೆ ತಿರುಗಿಸಿ, ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.